ಕಾಲೇಜು ಬಾನುಲಿಗೆ ಯಾವ ಆಟೊಮೇಷನ್ ವ್ಯವಸ್ಥೆ? ಬಳಸಿದವರ ಅನುಭವಗಳು

ಕೇಳಿದ್ದು

ನಮ್ಮದು ಸಣ್ಣ ಕಾಲೇಜು ಬಾನುಲಿ ಕೇಂದ್ರ. ಒಂದು ಸ್ಟುಡಿಯೊ, ಒಂದು ಮಿಕ್ಸರ್, ಎರಡು ಸಾಧಾರಣ ಕಂಪ್ಯೂಟರ್. ಎಫ್‌ಎಂ ಜೊತೆಗೆ ಅಂತರ್ಜಾಲದಲ್ಲೂ ಪ್ರಸಾರವಿದೆ. ಹಗಲಿನಲ್ಲಿ ವಿದ್ಯಾರ್ಥಿಗಳು ನೇರ ಕಾರ್ಯಕ್ರಮ ನಡೆಸುತ್ತಾರೆ. ರಾತ್ರಿ, ರಜೆ ಮತ್ತು ಪರೀಕ್ಷೆಯ ದಿನಗಳಲ್ಲಿ ಒಂದು ಮಾಮೂಲಿ ಮ್ಯೂಸಿಕ್ ಪ್ಲೇಯರ್‌ನಲ್ಲಿ ಉದ್ದನೆಯ ಪಟ್ಟಿ ಹಾಕಿ ಬಾಗಿಲು ಮುಚ್ಚಿಕೊಂಡು ಹೋಗುತ್ತೇವೆ. ಈಗ ಯಾರೂ ಇಲ್ಲದಾಗಲೂ ಪಟ್ಟಿಯಂತೆ ತಾನೇ ಪ್ರಸಾರ ನಡೆಸುವ ಸರಿಯಾದ ಆಟೊಮೇಷನ್ ವ್ಯವಸ್ಥೆ ಬೇಕಾಗಿದೆ. ಹಣ ಕಡಿಮೆ. ಲಿನಕ್ಸ್ ಚೆನ್ನಾಗಿ ಬಲ್ಲ ವಿದ್ಯಾರ್ಥಿಯೊಬ್ಬನಿದ್ದಾನೆ, ಅಂತಿಮ ವರ್ಷದಲ್ಲಿದ್ದಾನೆ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಕಾಲೇಜು ಕೇಂದ್ರವೊಂದರ ತಾಂತ್ರಿಕ ಹೊಣೆ ಹೊತ್ತವರು

ನಿಮ್ಮ ಪ್ರಶ್ನೆಯ ಕೊನೆಯ ಮಾತನ್ನೇ ಮೊದಲು ಹಿಡಿದುಕೊಳ್ಳುತ್ತೇನೆ. ಲಿನಕ್ಸ್ ಬಲ್ಲ ಹುಡುಗ ಅಂತಿಮ ವರ್ಷದಲ್ಲಿದ್ದಾನೆ. ಕಾಲೇಜು ಬಾನುಲಿಯ ನಿಜವಾದ ಕಷ್ಟ ಇದೇ. ಕಟ್ಟಿದವರು ಹೊರಟುಹೋಗುತ್ತಾರೆ, ಕಟ್ಟಿದ್ದು ಹೊಸಬರ ಕೈಗೆ ಬರುತ್ತದೆ. ಅವನು ಹೋದ ಮೇಲೆ ಒಂದು ಶನಿವಾರ ರಾತ್ರಿ ಯಂತ್ರ ನಿಂತರೆ ಬಂದು ಸರಿಪಡಿಸುವವರು ಯಾರು? ಆ ಹೆಸರನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಹೆಸರು ಸಿಗದಿದ್ದರೆ ಎಷ್ಟೇ ಶಕ್ತಿಶಾಲಿ ತಂತ್ರಾಂಶವಾದರೂ ನಿಮಗೆ ತಕ್ಕದ್ದಲ್ಲ. ಸೌಲಭ್ಯಗಳನ್ನು ಹೋಲಿಸುವ ಕೆಲಸ ಅದರ ನಂತರದ್ದು.

ನಾವು ಬಳಸುತ್ತಿರುವುದು ರಿವೆಂಡೆಲ್. ಲಿನಕ್ಸ್ ಮೇಲೆ ನಡೆಯುವ ಮುಕ್ತ ತಂತ್ರಾಂಶ (ಅಂದರೆ ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ), ಬಾನುಲಿಗೆಂದೇ ಬರೆದದ್ದು. ಇದರಲ್ಲಿ ಹಲವು ಭಾಗಗಳಿವೆ: ಧ್ವನಿ ಸಂಗ್ರಹಕ್ಕೆ ಆರ್‌ಡಿ ಲೈಬ್ರರಿ, ದಿನದ ಪಟ್ಟಿ ತಯಾರಿಸಲು ಆರ್‌ಡಿ ಲಾಗ್‌ಮ್ಯಾನೇಜರ್, ಅದನ್ನು ತಿದ್ದಲು ಆರ್‌ಡಿ ಲಾಗ್‌ಎಡಿಟ್, ಪ್ರಸಾರಕ್ಕೆ ಆರ್‌ಡಿ ಏರ್‌ಪ್ಲೇ, ಹೊರಗಿನ ಕಾರ್ಯಕ್ರಮಗಳನ್ನು ಹೊತ್ತಿಗೆ ಸರಿಯಾಗಿ ಮುದ್ರಿಸಿಕೊಳ್ಳಲು ಅಥವಾ ಇಳಿಸಿಕೊಳ್ಳಲು ಆರ್‌ಡಿ ಕ್ಯಾಚ್. ಪ್ರತಿ ಧ್ವನಿತುಣುಕು ಕಾರ್ಟ್ ಎಂಬ ಒಂದು ಡಬ್ಬಿಯಲ್ಲಿ ಕೂರುತ್ತದೆ, ಕಾರ್ಟ್‌ಗೆ ಆರು ಅಂಕಿಯ ಸಂಖ್ಯೆ ಇರುತ್ತದೆ. ಹಾಡು, ಪ್ರಕಟಣೆ, ಕೇಂದ್ರದ ಗುರುತಿನ ಧ್ವನಿ ಎಂದು ಗುಂಪು ಮಾಡಿ ಒಂದೊಂದಕ್ಕೂ ಸಂಖ್ಯೆಗಳ ವ್ಯಾಪ್ತಿ ಕೊಟ್ಟುಬಿಟ್ಟರೆ ಹೊಸಬರು ಸಂಖ್ಯೆ ನೋಡಿಯೇ ಅದು ಯಾವ ಬಗೆಯದು ಎಂದು ಹೇಳಬಲ್ಲರು. ನನಗೆ ಬಹಳ ಇಷ್ಟವಾದದ್ದು ಇನ್ನೊಂದಿದೆ. ಒಂದೇ ಕಾರ್ಟ್‌ನೊಳಗೆ ಹಲವು ಕಟ್‌ಗಳನ್ನು, ಅಂದರೆ ಬೇರೆ ಬೇರೆ ಮುದ್ರಣಗಳನ್ನು, ಇಡಬಹುದು, ಪ್ರತಿ ಕಟ್‌ಗೂ ಆರಂಭದ ಮತ್ತು ಮುಕ್ತಾಯದ ದಿನಾಂಕ ಕೊಡಬಹುದು. ಕಾಲೇಜು ಉತ್ಸವದ ಪ್ರಕಟಣೆ ಉತ್ಸವ ಮುಗಿದ ಮರುದಿನ ತಾನಾಗಿಯೇ ನಿಲ್ಲುತ್ತದೆ. ಕಳೆದುಹೋದ ಕಾರ್ಯಕ್ರಮಕ್ಕೆ ಕೇಳುಗರನ್ನು ಆಹ್ವಾನಿಸುತ್ತಿರುವ ಕೇಂದ್ರದ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ.

ಆದರೆ ರಿವೆಂಡೆಲ್ ಕೂರಿಸುವುದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಲ್ಲ. ಡೇಟಾಬೇಸ್ ಇದೆ, ಧ್ವನಿಯ ದಾರಿಗಳನ್ನು ಜೋಡಿಸಬೇಕು, ಗಂಟೆಗೊಂದು ಕ್ಲಾಕ್ (ಆ ಗಂಟೆಯಲ್ಲಿ ಯಾವುದರ ನಂತರ ಯಾವುದು ಎಂಬ ನಕ್ಷೆ), ವಾರಕ್ಕೊಂದು ಗ್ರಿಡ್ (ಯಾವ ಹೊತ್ತಿಗೆ ಯಾವ ಕ್ಲಾಕ್ ಎಂಬ ಕೋಷ್ಟಕ) ಕಟ್ಟಬೇಕು. ನಿಮ್ಮ ವಿದ್ಯಾರ್ಥಿ ಇದನ್ನು ಮಾಡುವುದಾದರೆ ಕಿರಿಯ ವಿದ್ಯಾರ್ಥಿಯೊಬ್ಬ ಪಕ್ಕದಲ್ಲಿ ಕೂತು ಪ್ರತಿ ಹೆಜ್ಜೆಯನ್ನೂ ಬರೆದುಕೊಳ್ಳಲಿ. ಮುಗಿದ ಮೇಲೆ ಇನ್ನೊಂದು ಖಾಲಿ ಕಂಪ್ಯೂಟರಿನಲ್ಲಿ ಆ ಟಿಪ್ಪಣಿಯನ್ನು ಮಾತ್ರ ನೋಡಿ ಆ ಕಿರಿಯನೇ ಎಲ್ಲವನ್ನೂ ಮತ್ತೆ ಕಟ್ಟಲಿ. ಅದು ಸಾಧ್ಯವಾದರೆ ರಿವೆಂಡೆಲ್ ನಿಮ್ಮದು.

ವಿಂಡೋಸ್ ಬಿಟ್ಟು ಹೋಗಲು ಮನಸ್ಸಿಲ್ಲದಿದ್ದರೆ ರೇಡಿಯೊಡಿಜೆ ಮತ್ತು ಪ್ಲೇಇಟ್ ಲೈವ್ ಎರಡನ್ನೂ ನೋಡಿ. ರೇಡಿಯೊಡಿಜೆ ಉಚಿತ, ಆದರೆ ಮುಕ್ತ ತಂತ್ರಾಂಶವಲ್ಲ. ಅದಕ್ಕೂ ಹಿಂದೆ ಡೇಟಾಬೇಸ್ ಬೇಕು. ಪ್ಲೇಇಟ್ ಲೈವ್‌ನ ಮೂಲ ರೂಪ ಉಚಿತ, ಕೆಲವು ಹೆಚ್ಚುವರಿ ಸೌಲಭ್ಯಗಳಿಗೆ ಹಣ ಕೊಡಬೇಕು. ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ. ವಿಂಡೋಸ್ ಆದರೆ ಎರಡು ಕೆಲಸ ಕಡ್ಡಾಯ: ಅಪ್‌ಡೇಟ್‌ಗಳು ತಾವಾಗಿಯೇ ಕಂಪ್ಯೂಟರನ್ನು ಮರುಚಾಲನೆ ಮಾಡದಂತೆ ಹೊತ್ತು ಗೊತ್ತುಮಾಡಿ; ವಿಂಡೋಸ್‌ನ ಸೂಚನಾ ಸದ್ದುಗಳು ಪ್ರಸಾರದ ಸೌಂಡ್ ಕಾರ್ಡಿಗೆ ಹೋಗದಂತೆ ಬೇರೆ ಔಟ್‌ಪುಟ್‌ಗೆ ತಿರುಗಿಸಿ.

ಇನ್ನು ಯಾವ ತಂತ್ರಾಂಶ ಆರಿಸಿದರೂ ಅನ್ವಯಿಸುವ ಮಾತುಗಳು. ಇವು ನನಗೆ ಆಯ್ಕೆಗಿಂತಲೂ ಮುಖ್ಯ.

ಮೌನದ ಮೇಲೆ ಕಣ್ಣಿಡುವ ಸಾಧನ ಆಟೊಮೇಷನ್ ಕಂಪ್ಯೂಟರಿನ ಹೊರಗಿರಬೇಕು. ನಿಂತುಹೋದ ಕಂಪ್ಯೂಟರ್ ತಾನು ನಿಂತಿದ್ದೇನೆ ಎಂದು ಹೇಳಲಾರದು. ಟ್ರಾನ್ಸ್‌ಮಿಟರ್‌ಗೆ ಹೋಗುವ ದಾರಿಯಲ್ಲಿ ಸೈಲೆನ್ಸ್ ಡಿಟೆಕ್ಟರ್ ಕೂರಿಸಿದರೆ, ಧ್ವನಿ ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದು ಇಂತಿಷ್ಟು ಸೆಕೆಂಡ್ ಕಳೆದಾಗ ಅದು ಬದಲಿ ಪ್ಲೇಯರ್‌ಗೆ ದಾರಿ ತಿರುಗಿಸುತ್ತದೆ. ಬದಲಿ ಪ್ಲೇಯರ್ ಎಂದರೆ ಮೆಮೊರಿ ಕಾರ್ಡಿನಿಂದ ಸುತ್ತಿ ಸುತ್ತಿ ನುಡಿಸುವ ಪುಟ್ಟ ಸಾಧನವಾದರೂ ಸಾಕು, ಜಾಲಸಂಪರ್ಕ ಬೇಡ. ಅವಧಿಯನ್ನು ಹತ್ತು ಸೆಕೆಂಡಿಗೆ ಇಡಬೇಡಿ. ಆಲಾಪದ ಮಂದ್ರದಲ್ಲಿ, ನಾಟಕದ ನಿಲುಗಡೆಯಲ್ಲಿ ಸುಳ್ಳು ಎಚ್ಚರಿಕೆ ಬರುತ್ತದೆ. 30 ಸೆಕೆಂಡಿನಿಂದ ಶುರುಮಾಡಿ ನಿಮ್ಮ ಕಾರ್ಯಕ್ರಮಗಳಿಗೆ ಹೊಂದಿಸಿಕೊಳ್ಳಿ.

ನಮ್ಮಲ್ಲಿ ರಾತ್ರಿ ಬಂದ ಮೌನಗಳಲ್ಲಿ ಹೆಚ್ಚಿನವು ತಂತ್ರಾಂಶದಿಂದ ಬಂದವಲ್ಲ. ಆಟೊಮೇಷನ್ ತನ್ನ ಪಾಡಿಗೆ ಹಾಡುತ್ತಿರುತ್ತದೆ, ಆದರೆ ಸಂಜೆಯ ಕಾರ್ಯಕ್ರಮ ಮುಗಿಸಿದವರು ಮಿಕ್ಸರಿನಲ್ಲಿ ಅದರ ಫೇಡರನ್ನು, ಅಂದರೆ ಧ್ವನಿಮಟ್ಟದ ಹಿಡಿಯನ್ನು, ಕೆಳಗಿಳಿಸಿ ಹೋಗಿರುತ್ತಾರೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ದಾರಿಯನ್ನೇ ಬದಲಿಸಬೇಕು. ಆಟೊಮೇಷನ್‌ನ ಧ್ವನಿ ಮಿಕ್ಸರನ್ನು ದಾಟದೆ ಸ್ವಿಚರ್‌ಗೆ ನೇರವಾಗಿ ಬರಲಿ. ಒಂದು ಗುಂಡಿ ಒತ್ತಿದರೆ ಸ್ಟುಡಿಯೊ, ಇನ್ನೊಂದು ಒತ್ತಿದರೆ ಆಟೊಮೇಷನ್. ಯಾವ ಗುಂಡಿ ಉರಿಯುತ್ತಿದೆ ಎಂಬುದು ಬಾಗಿಲಲ್ಲಿ ನಿಂತವರಿಗೂ ಕಾಣಬೇಕು.

ವಿದ್ಯುತ್ ಹೋಗಿ ಬಂದಾಗ ಏನಾಗುತ್ತದೆ ಎಂಬುದನ್ನು ನಿಜವಾಗಿ ತಂತಿ ಕಿತ್ತು ಪರೀಕ್ಷಿಸಿ. ವಿದ್ಯುತ್ ಮರಳಿದಾಗ ತಾನೇ ಚಾಲೂ ಆಗುವ ಆಯ್ಕೆ ಬಹಳಷ್ಟು ಕಂಪ್ಯೂಟರುಗಳ ಬಯೋಸ್‌ನಲ್ಲಿ (ಆರಂಭದ ಸೆಟ್ಟಿಂಗ್‌ಗಳಲ್ಲಿ) ಇರುತ್ತದೆ. ನಂತರ ತಂತ್ರಾಂಶ ತಾನೇ ತೆರೆದುಕೊಂಡು, ಆ ಹೊತ್ತಿಗೆ ಸಲ್ಲಬೇಕಾದ ಜಾಗದಿಂದ ಪಟ್ಟಿಯನ್ನು ಮುಂದುವರಿಸಬೇಕು. ಇಷ್ಟು ಮಾಡಲಾಗದ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ. ಕಂಪ್ಯೂಟರಿನ ಗಡಿಯಾರ ಎನ್‌ಟಿಪಿ (ಜಾಲದಿಂದ ಸರಿಯಾದ ಸಮಯ ಪಡೆಯುವ ವ್ಯವಸ್ಥೆ) ಮೂಲಕ ಸರಿಯಾಗುತ್ತಿರಲಿ.

ಕಾರ್ಯಕ್ರಮ ಸಂಯೋಜಕಿಯೊಬ್ಬರು

ಮೇಲಿನವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಕೇಳುಗರಿಗೆ ಸ್ವಿಚರ್ ಕಾಣುವುದಿಲ್ಲ, ಹಾಡುಗಳ ಸರದಿ ಕೇಳಿಸುತ್ತದೆ. ಅದರ ಬಗ್ಗೆ ಯಾರೂ ಲೆಕ್ಕ ಹಾಕುವುದಿಲ್ಲ ಎಂಬುದು ನನ್ನ ಸಂಕಟ.

ಲೆಕ್ಕ ಸರಳ. ಗಂಟೆಗೆ ಸುಮಾರು 15 ಹಾಡು ಎಂದಿಟ್ಟುಕೊಳ್ಳಿ. ನಿಮ್ಮ ಸಂಗ್ರಹದಲ್ಲಿ 200 ಹಾಡುಗಳಿದ್ದರೆ ಹದಿಮೂರು ಗಂಟೆ ಕಳೆಯುವಷ್ಟರಲ್ಲಿ ಎಲ್ಲವೂ ಮುಗಿದು ಮೊದಲನೆಯದು ಮತ್ತೆ ಬರಬೇಕಾಗುತ್ತದೆ. 24 ಗಂಟೆಯೊಳಗೆ ಒಂದೇ ಹಾಡು ಎರಡು ಸಲ ಬರಬಾರದು ಎಂಬ ನಿಯಮ ಹಾಕಿದರೆ ಕನಿಷ್ಠ 360 ಹಾಡು ಬೇಕು. ಅದರ ಮೇಲೆ ಒಬ್ಬರೇ ಗಾಯಕರು ಎರಡು ಗಂಟೆಯೊಳಗೆ ಮರಳಬಾರದು ಎಂದರೆ ಇನ್ನೂ ಹೆಚ್ಚು. ಸಂಗ್ರಹ ಸಾಲದೆ ನಿಯಮ ಬಿಗಿಯಾದಾಗ ಕೆಲವು ವ್ಯವಸ್ಥೆಗಳು ಪಟ್ಟಿಯಲ್ಲಿ ಜಾಗವನ್ನು ಖಾಲಿ ಬಿಡುತ್ತವೆ, ಕೆಲವು ನಿಯಮವನ್ನು ಸದ್ದಿಲ್ಲದೆ ಮುರಿಯುತ್ತವೆ. ನೀವು ಪರೀಕ್ಷಿಸುವ ತಂತ್ರಾಂಶ ಇವೆರಡರಲ್ಲಿ ಯಾವುದನ್ನು ಮಾಡುತ್ತದೆ ಎಂದು ಬೇಕೆಂದೇ ಸಣ್ಣ ಸಂಗ್ರಹ ಕೊಟ್ಟು ನೋಡಿ.

ಎರಡನೆಯದು ಧ್ವನಿಯ ಮಟ್ಟ. ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಹಾಡು ತರುತ್ತಾರೆ, ಒಂದು ಕಿರುಚುತ್ತದೆ, ಇನ್ನೊಂದು ಪಿಸುಗುಡುತ್ತದೆ. ಯುರೋಪಿನ ಪ್ರಸಾರ ಒಕ್ಕೂಟವಾದ ಇಬಿಯು 2010ರಲ್ಲಿ ಹೊರತಂದ ಆರ್ 128 ಶಿಫಾರಸು ಕಿವಿಗೆ ಅನಿಸುವ ಗಟ್ಟಿತನವನ್ನು ಅಳೆದು ಎಲ್‌ಯುಎಫ್‌ಎಸ್ ಎಂಬ ಗಟ್ಟಿತನದ ಅಳತೆಯಲ್ಲಿ ಮೈನಸ್ 23ಕ್ಕೆ ಹೊಂದಿಸಲು ಹೇಳುತ್ತದೆ. ಅದೇ ಅಂಕಿ ನಿಮಗೆ ಬೇಕಾಗಿಲ್ಲ. ಅಂತರ್ಜಾಲ ಪ್ರಸಾರಕ್ಕೆ ಇನ್ನೂ ಗಟ್ಟಿಯಾದ ಮಟ್ಟವನ್ನು ಆರಿಸುವವರು ಅನೇಕರು. ಒಂದೇ ಅಂಕಿ ಇಡೀ ಸಂಗ್ರಹಕ್ಕೆ ಇರಲಿ, ಅಷ್ಟೇ. ಧ್ವನಿಯನ್ನು ಸಂಗ್ರಹಕ್ಕೆ ಸೇರಿಸುವಾಗಲೇ ಈ ಕೆಲಸ ಆಗಬೇಕು, ಪ್ರಸಾರದ ಹೊತ್ತಿನಲ್ಲಿ ಫೇಡರ್ ಹಿಡಿದು ಕೂರುವವರು ರಾತ್ರಿ ಎರಡಕ್ಕೆ ಇರುವುದಿಲ್ಲ.

ಹಾಡಿನ ವಿವರಗಳನ್ನು ತುಂಬುವ ಕೆಲಸ ಅಡಿಪಾಯ ಹಾಕಿದಂತೆ: ಯಾರೂ ಮೆಚ್ಚುವುದಿಲ್ಲ, ಆದರೆ ಮೇಲಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ಶೀರ್ಷಿಕೆ, ಗಾಯಕರು, ಸಂಯೋಜಕರು, ಭಾಷೆ, ವರ್ಷ. ಒಬ್ಬರೇ ಗಾಯಕರ ಹೆಸರನ್ನು ಮೂರು ಬಗೆಯ ಕಾಗುಣಿತದಲ್ಲಿ ಬರೆದಿದ್ದರೆ ವ್ಯವಸ್ಥೆಯ ಪಾಲಿಗೆ ಅವರು ಮೂವರು. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಹಗುರ ಮಾಡುತ್ತದೆ, ಆದರೂ ಕೊನೆಯ ಕಣ್ಣು ಮನುಷ್ಯರದ್ದೇ ಇರಬೇಕು. ಕನ್ನಡ ಲಿಪಿಯಲ್ಲಿ ಹೆಸರುಗಳನ್ನು ಬರೆಯುವುದಾದರೆ ಹುಡುಕಾಟ, ವಿಂಗಡಣೆ, ವರದಿ ಮೂರರಲ್ಲೂ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಮೊದಲ ದಿನವೇ ನೋಡಿ. ಹಕ್ಕುಸ್ವಾಮ್ಯದ ಲೆಕ್ಕಕ್ಕೆ ಯಾವ ಹಾಡು ಯಾವಾಗ ಪ್ರಸಾರವಾಯಿತು ಎಂಬ ವರದಿ ಬೇಕಾದಾಗ ಈ ಶ್ರಮವೆಲ್ಲ ಕೈ ಹಿಡಿಯುತ್ತದೆ.

ಅಂತರ್ಜಾಲ ಬಾನುಲಿ ನಡೆಸುವವರು

ಜಾಲದ ಮೂಲಕ ನಿರ್ವಹಿಸುವ ವ್ಯವಸ್ಥೆಗಳ ಪರವಾಗಿ ಎರಡು ಮಾತು. ಲಿಬ್ರೆಟೈಮ್ 2017ರಲ್ಲಿ ಏರ್‌ಟೈಮ್ ಎಂಬ ಹಿಂದಿನ ತಂತ್ರಾಂಶದಿಂದ ಕವಲೊಡೆದು ಬಂದ ಮುಕ್ತ ತಂತ್ರಾಂಶ. ಬ್ರೌಸರ್‌ನಲ್ಲಿ ವಾರದ ಕ್ಯಾಲೆಂಡರ್ ತೆರೆಯುತ್ತದೆ, ವಿದ್ಯಾರ್ಥಿ ತನ್ನ ಹೊತ್ತಿನ ಕಾರ್ಯಕ್ರಮದೊಳಗೆ ಮುದ್ರಿತ ಕಡತಗಳನ್ನು ತಾನೇ ಹಾಕುತ್ತಾನೆ. ರಜೆಯಲ್ಲಿ ಊರಿಗೆ ಹೋದವರೂ ಅಲ್ಲಿಂದಲೇ ಕಾರ್ಯಕ್ರಮ ತುಂಬಬಹುದು. ಅಜುರಾಕಾಸ್ಟ್ ಕೂಡ ಬ್ರೌಸರ್‌ನಲ್ಲೇ ನಡೆಯುತ್ತದೆ, ಡಾಕರ್ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಜೊತೆ ಒಟ್ಟಿಗೆ ಕಟ್ಟಿಕೊಡುವ ಸಾಧನ) ಮೂಲಕ ಕೂರಿಸುವುದು ಸುಲಭ, ಕೇಳುಗರ ಸಂಖ್ಯೆಯ ವರದಿಯೂ ಸಿಗುತ್ತದೆ. ಎರಡರ ಒಳಗೂ ಕೆಲಸ ಮಾಡುವುದು ಧ್ವನಿಯ ಹರಿವನ್ನು ನಡೆಸುವ ಲಿಕ್ವಿಡ್‌ಸೋಪ್ ಎಂಬ ತಂತ್ರಾಂಶ. ಫ್ರಾನ್ಸ್‌ನ ಲಿಯೋನ್‌ನಲ್ಲಿ ವಿದ್ಯಾರ್ಥಿಗಳು ತಮ್ಮ ಕ್ಯಾಂಪಸ್ಸಿಗಾಗಿ ಆರಂಭಿಸಿದ ಯೋಜನೆ ಅದು. ನೇರಪ್ರಸಾರ ಇದ್ದರೆ ಅದು, ಇಲ್ಲದಿದ್ದರೆ ಪಟ್ಟಿ, ಅದೂ ಇಲ್ಲದಿದ್ದರೆ ತುರ್ತು ಕಡತ ಎಂಬ ಸರಣಿಯನ್ನು ಕೆಲವೇ ಸಾಲುಗಳಲ್ಲಿ ಬರೆಯಬಹುದು.

ಮಿತಿಯನ್ನೂ ಹೇಳಬೇಕು. ಸ್ಟ್ರೀಮ್‌ಗೆ ವಿಳಂಬ ಇದ್ದೇ ಇದೆ, ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ. ಸ್ಟುಡಿಯೊದಲ್ಲಿ ಕೂತು ಮಾತಿನ ನಡುವೆ ಜಿಂಗಲ್ ಒತ್ತಬೇಕಾದವರಿಗೆ ಬ್ರೌಸರ್ ಸಾಲದು. ಎಫ್‌ಎಂ ನಿಮ್ಮ ಮುಖ್ಯ ಪ್ರಸಾರವಾದರೆ ಸ್ಟುಡಿಯೊಗೆ ಮೇಲಿನವರು ಹೇಳಿದ ಬಗೆಯದನ್ನು ಇಟ್ಟುಕೊಂಡು, ಅದರ ಧ್ವನಿಯನ್ನು ಅಂತರ್ಜಾಲದ ಕೇಳುಗರಿಗೆ ಹಂಚುವ ಐಸ್‌ಕಾಸ್ಟ್‌ ಸರ್ವರ್‌ಗೆ ಕಳುಹಿಸಿ. ಎರಡು ಆಟೊಮೇಷನ್‌ಗಳನ್ನು ಬೇರೆ ಬೇರೆಯಾಗಿ ನಡೆಸಿದರೆ ಎರಡು ಕೇಂದ್ರಗಳನ್ನು ಸಾಕಬೇಕಾಗುತ್ತದೆ.

ಕೇಳಿದವರು ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಇನ್ನೂ ಮೂರು ಸಂದೇಹಗಳಿವೆ. ನಮ್ಮ ಒಳ್ಳೆಯ ನಿರೂಪಕಿಯರಲ್ಲಿ ಒಬ್ಬಳಿಗೆ ದೃಷ್ಟಿ ಇಲ್ಲ, ಅವಳಿಗೆ ಪರದೆ ಓದುವ ತಂತ್ರಾಂಶ ಬೇಕು. ಡಿಸ್ಕ್ ಎಷ್ಟು ದೊಡ್ಡದಿರಬೇಕು? ಮುಂದೆ ಎಂದಾದರೂ ವ್ಯವಸ್ಥೆ ಬದಲಿಸಬೇಕಾದರೆ ಈಗ ಮಾಡಿದ್ದೆಲ್ಲ ನಷ್ಟವೇ?

ಸಂಯೋಜಕಿ

ಆ ಹುಡುಗಿಯನ್ನು ಮೊದಲ ಪರೀಕ್ಷೆಗೇ ಕೂರಿಸಿ, ಎಲ್ಲ ಮುಗಿದ ಮೇಲೆ ಕರೆಯಬೇಡಿ. ಸ್ಟೇಷನ್‌ಪ್ಲೇಲಿಸ್ಟ್ ಸ್ಟುಡಿಯೊ ಎಂಬ ವಿಂಡೋಸ್ ತಂತ್ರಾಂಶಕ್ಕೆ ಹಣ ಕೊಡಬೇಕು, ಆದರೆ ಉಚಿತ ಪರದೆ ವಾಚಕವಾದ ಎನ್‌ವಿಡಿಎಗೆ ಅದಕ್ಕೆಂದೇ ಬರೆದ ಆಡ್‌ಆನ್ ಇದೆ, ದೃಷ್ಟಿ ಇಲ್ಲದ ನಿರೂಪಕರು ಅದನ್ನು ಬಳಸುತ್ತಾರೆ. ಬೇರೆ ಯಾವುದನ್ನು ನೋಡಿದರೂ ಮೌಸ್ ಮುಟ್ಟದೆ ಕೀಲಿಮಣೆಯಲ್ಲೇ ಹಾಡು ಶುರುಮಾಡುವುದು, ನಿಲ್ಲಿಸುವುದು, ಉಳಿದ ಸಮಯ ತಿಳಿಯುವುದು ಸಾಧ್ಯವೇ ಎಂದು ಅವಳಿಂದಲೇ ಕೇಳಿ ತಿಳಿಯಿರಿ. ಪರದೆ ವಾಚಕದ ಧ್ವನಿ ಪ್ರತ್ಯೇಕ ಸೌಂಡ್ ಕಾರ್ಡಿನ ಮೂಲಕ ಅವಳ ಹೆಡ್‌ಫೋನಿಗೆ ಮಾತ್ರ ಹೋಗಬೇಕು. ಅವಳು ಒಂಟಿಯಾಗಿ ನಡೆಸಲಾಗದ ವ್ಯವಸ್ಥೆಯನ್ನು ನಾನಾದರೆ ಆರಿಸುವುದಿಲ್ಲ.

ತಾಂತ್ರಿಕ ಹೊಣೆ ಹೊತ್ತವರು

ಡಿಸ್ಕ್ ವಿಚಾರ: ಸಿಡಿ ಗುಣಮಟ್ಟದ ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ. ನಾಲ್ಕು ನಿಮಿಷದ 5,000 ಹಾಡುಗಳು 200 ಜಿಬಿಗೆ ಸ್ವಲ್ಪ ಮೇಲೆ. ವಿದ್ಯಾರ್ಥಿಗಳ ಮಾತಿನ ಕಾರ್ಯಕ್ರಮಗಳನ್ನೂ ಸೇರಿಸಿದರೆ 1 ಟಿಬಿ ಸಾಕು. ಒಂದೇ ಅಳತೆಯ ಎರಡು ಡಿಸ್ಕ್‌ಗಳನ್ನು ರೇಡ್ 1ರಲ್ಲಿ, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುವಂತೆ, ಜೋಡಿಸಿದರೆ ಒಂದು ಕೆಟ್ಟಾಗ ಪ್ರಸಾರ ನಿಲ್ಲುವುದಿಲ್ಲ. ಆದರೆ ಅದನ್ನು ಬ್ಯಾಕಪ್ ಎಂದು ತಿಳಿಯಬೇಡಿ: ಯಾರಾದರೂ ಕಡತ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಮೂರನೆಯ ಡಿಸ್ಕ್ ಸ್ಟುಡಿಯೊದ ಹೊರಗೆ, ಬೇರೆ ಕಟ್ಟಡದಲ್ಲಿರಲಿ. ಡೇಟಾಬೇಸಿನ ಪ್ರತಿಯನ್ನೂ ಅದರಲ್ಲಿ ಸೇರಿಸಿ. ಅದಿಲ್ಲದಿದ್ದರೆ ಉಳಿಯುವುದು ಯಾವುದು ಏನೆಂದು ಗುರುತೇ ಇಲ್ಲದ ಕಡತಗಳ ರಾಶಿ.

ಬದಲಾವಣೆಯ ವಿಚಾರಕ್ಕೂ ಉತ್ತರ ಇಲ್ಲೇ ಇದೆ. ಕ್ಲಾಕ್‌ಗಳು, ಗ್ರಿಡ್‌ಗಳು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗುವುದಿಲ್ಲ, ಅವುಗಳನ್ನು ಹೊಸದಾಗಿ ಕಟ್ಟಬೇಕು. ಸಂಗ್ರಹ ಸಾಗುತ್ತದೆ, ಆದರೆ ಮೂಲ ಕಡತಗಳನ್ನು ಆಟೊಮೇಷನ್‌ನ ಒಳಗೆ ಮಾತ್ರ ಇಟ್ಟುಕೊಳ್ಳಬಾರದು. ಪ್ರತಿ ಹಾಡನ್ನೂ ಗುಣಮಟ್ಟ ಕುಂದಿಸದೆ ಕಡತವನ್ನು ಕಿರಿದಾಗಿಸುವ ಫ್ಲ್ಯಾಕ್ ರೂಪದಲ್ಲಿ, ಸಂಯೋಜಕಿಯವರು ಹೇಳಿದ ವಿವರಗಳನ್ನು ಕಡತದೊಳಗೇ ತುಂಬಿ, ಪ್ರತ್ಯೇಕ ಫೋಲ್ಡರಿನಲ್ಲಿ ಇಡಿ. ಅಲ್ಲಿಂದ ಆಟೊಮೇಷನ್‌ಗೆ ಸೇರಿಸಿ. ಈ ಫೋಲ್ಡರ್ ಕಟ್ಟಲು ತಂತ್ರಾಂಶದ ಆಯ್ಕೆ ಮುಗಿಯುವವರೆಗೆ ಕಾಯಬೇಕಾಗಿಲ್ಲ, ನಾಳೆಯೇ ಶುರುಮಾಡಬಹುದು. ಆ ಹೊತ್ತಿಗೆ ಎರಡನೆಯ ಕಂಪ್ಯೂಟರಿನಲ್ಲಿ ನೀವು ಆರಿಸಿದ್ದನ್ನು ಟ್ರಾನ್ಸ್‌ಮಿಟರ್‌ಗೆ ಜೋಡಿಸದೆ, ಒಂದು ಸ್ಪೀಕರ್ ಹಾಕಿ, ಎರಡು ವಾರ ಹಗಲೂ ರಾತ್ರಿ ಓಡಿಸಿ. ಅದರಲ್ಲಿ ಒಂದು ರಜೆಯ ದಿನ ಬರುವಂತೆ ನೋಡಿಕೊಳ್ಳಿ.