ಪ್ರದರ್ಶನಕ್ಕೂ ಅಜಿಲಿಟಿಗೂ ಒಂದೇ ನಾಯಿ: ಯಾವ ತಳಿ ಸೂಕ್ತ?

ಪ್ರಶ್ನೆ:
ಶ್ವಾನ ಪ್ರದರ್ಶನದ ರಿಂಗ್‌ನಲ್ಲಿ ನಿಲ್ಲಿಸಲೂ ಅಜಿಲಿಟಿ (ಅಡೆತಡೆಗಳನ್ನು ದಾಟುತ್ತಾ ಓಡುವ) ಸ್ಪರ್ಧೆಯಲ್ಲಿ ಓಡಿಸಲೂ ಒಪ್ಪುವ ಒಂದು ಮರಿಯನ್ನು ತರಬೇಕೆಂದಿದ್ದೇನೆ. ಬಾರ್ಡರ್ ಕಾಲಿ ಮತ್ತು ಶೆಟ್‌ಲೆಂಡ್ ಶೀಪ್‌ಡಾಗ್ ನಡುವೆ ಮನಸ್ಸು ಹೊಯ್ದಾಡುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ತಳಿಗಿಂತ ಮೊದಲು ವಂಶಾವಳಿಯನ್ನು ನೋಡಿ. ಬಾರ್ಡರ್ ಕಾಲಿಯಲ್ಲಿ ಕುರಿ ಕಾಯಲೆಂದು ಬೆಳೆಸಿದ ವಂಶವೇ ಬೇರೆ, ಪ್ರದರ್ಶನಕ್ಕೆಂದು ಬೆಳೆಸಿದ ವಂಶವೇ ಬೇರೆ. ಮೊದಲನೆಯದು ಹಗುರ ಮೈಕಟ್ಟಿನ, ಕಣ್ಣು ಮಿಟುಕಿಸುವುದರೊಳಗೆ ತಿರುಗುವ ನಾಯಿಯಾದರೆ, ಎರಡನೆಯದು ದಟ್ಟ ಕೂದಲಿನ, ತುಸು ಭಾರದ, ಸಾಮಾನ್ಯವಾಗಿ ಶಾಂತ ಸ್ವಭಾವದ್ದು. ಶೆಲ್ಟಿಯಲ್ಲಿ (ಶೆಟ್‌ಲೆಂಡ್ ಶೀಪ್‌ಡಾಗ್‌ನಲ್ಲಿ) ಈ ಒಡಕು ಅಷ್ಟು ಆಳವಾಗಿಲ್ಲವಾದ್ದರಿಂದ ನನ್ನ ಮತ ಅದಕ್ಕೇ. ಬೊಗಳುವುದನ್ನು ಸಹಿಸುವ ನೆರೆಹೊರೆಯವರು ಮಾತ್ರ ಬೇಕು!

ಉತ್ತರ 2:
ಶೆಲ್ಟಿಯಲ್ಲಿ ಎತ್ತರದ ತೊಡಕೊಂದಿದೆ. ಅಮೆರಿಕನ್ ಕೆನೆಲ್ ಕ್ಲಬ್‌ನ ಮಾನದಂಡದಂತೆ ಅದು ಭುಜದ ಬಳಿ 13ರಿಂದ 16 ಇಂಚು ಇರಬೇಕು. ಮೀರಿದರೆ ರಿಂಗ್‌ನಲ್ಲಿ ಅನರ್ಹ, ಅಜಿಲಿಟಿಗೆ ಅಡ್ಡಿಯಿಲ್ಲ. ಯಾವ ತಳಿಯಾದರೂ ತಂದೆತಾಯಿಗಳ ಸೊಂಟದ ಎಕ್ಸ್‌ರೇ ಮತ್ತು ಕಣ್ಣಿನ ತಪಾಸಣೆಯ ವರದಿಗಳನ್ನು ನೋಡದೆ ಮುಂಗಡ ಕೊಡಬೇಡಿ. ಮೂಳೆಗಳ ಬೆಳವಣಿಗೆ ಮುಗಿಯುವವರೆಗೆ ಪೂರ್ಣ ಎತ್ತರದ ಜಿಗಿತವನ್ನೂ ಮಾಡಿಸಬೇಡಿ.

ಉತ್ತರ 3:
ಸ್ವಭಾವವನ್ನು ಮರೆಯದಿರಿ. ತೀರ್ಪುಗಾರರು ತುಟಿ ಎತ್ತಿ ಹಲ್ಲುಗಳ ಜೋಡಣೆಯನ್ನು ನೋಡುತ್ತಾರೆ, ಬೆನ್ನಿನುದ್ದಕ್ಕೂ ಕೈಯಾಡಿಸುತ್ತಾರೆ. ಅಪರಿಚಿತರ ಸ್ಪರ್ಶಕ್ಕೆ ಮುದುಡಿಕೊಳ್ಳುವ ಮರಿಗೆ ಅದೇ ದೊಡ್ಡ ಪರೀಕ್ಷೆ. ಮರಿಗಳನ್ನು ನೋಡಲು ಹೋದಾಗ ತಾಯಿ ನಾಯಿ ನಿಮ್ಮನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನೂ ಗಮನಿಸಿ.