ಓದುಗರ ಸ್ಪಂದನ: ಆಟದೊಳಗಿನ ಅಂಗಿಗೆ ದುಡ್ಡು

ಕಳೆದ ವಾರದ ಸಮಸ್ಯೆ: ಹುಬ್ಬಳ್ಳಿಯ ಓದುಗರೊಬ್ಬರ ತಮ್ಮನಿಗೆ ಇಪ್ಪತ್ತನಾಲ್ಕು ವರ್ಷ. ದುಡಿಯುತ್ತಾನೆ, ಮನೆಗೂ ಕೊಡುತ್ತಾನೆ. ಆದರೆ ಮೊಬೈಲ್ ಆಟದಲ್ಲಿ ತನ್ನ ಪಾತ್ರಕ್ಕೆ ಉಡುಪು, ಬಂದೂಕಿಗೆ ಬಣ್ಣ ಎಂದು ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ ಖರ್ಚು ಮಾಡುತ್ತಾನೆ. ಕೇಳಿದರೆ, ‘ಇದರಿಂದ ಯಾರಿಗೆ ನಷ್ಟ? ನೀನು ಸೀರೆ ಕೊಳ್ಳುವುದಿಲ್ಲವೇ?’ ಎನ್ನುತ್ತಾನೆ. ಪಕ್ಕದಲ್ಲಿ ಕುಳಿತು ನೋಡುವ ಆಕೆಯ ಹನ್ನೊಂದು ವರ್ಷದ ಮಗನೂ ಈಗ ಅದನ್ನೇ ಕೇಳತೊಡಗಿದ್ದಾನೆ. ‘ನಾನು ಬೈಯುವುದು ತಪ್ಪೇ?’ ಎಂದು ಆಕೆ ಕೇಳಿದ್ದರು.

ತಂಗೀ, ನಾನು ಹೋರಿ ಸಾಕುವವನು. ದೀಪಾವಳಿ ಬಂತೆಂದರೆ ನಮ್ಮ ಭಾಗದಲ್ಲಿ ಹೋರಿ ಬೆದರಿಸುವ ಹಬ್ಬ. ಮೈಮೇಲೆ ಜೂಲ, ಕೊರಳಿಗೆ ಗೆಜ್ಜೆ ಮತ್ತು ಕೊಬ್ಬರಿ ಸರ, ಕೊಂಬಿಗೆ ರಿಬ್ಬನ್ನು, ಬಲೂನು. ಇವುಗಳಿಂದ ಹೋರಿ ಒಂದು ಹೆಜ್ಜೆಯನ್ನೂ ಹೆಚ್ಚು ಓಡುವುದಿಲ್ಲ. ಆದರೂ ನಾನು ಸಾವಿರಾರು ರೂಪಾಯಿ ಹಾಕುತ್ತೇನೆ. ಅಖಾಡಕ್ಕೆ ಬಂದಾಗ ಜನ ‘ಯಾರದಪ್ಪಾ ಈ ಹೋರಿ’ ಎಂದು ತಿರುಗಿ ನೋಡಬೇಕು, ಅಷ್ಟೇ ನನ್ನ ಆಸೆ. ಹಾಗಾಗಿ ಚಂದಕ್ಕೆ ಮಾಡಿದ ಖರ್ಚೆಂಬ ಒಂದೇ ಕಾರಣಕ್ಕೆ ನಿನ್ನ ತಮ್ಮನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ನನ್ನ ಜೂಲ ನನ್ನದು. ಹಬ್ಬ ಮುಗಿದ ಮೇಲೆ ಒಗೆದು ಟ್ರಂಕಿನಲ್ಲಿ ಇಡುತ್ತೇನೆ. ಅಣ್ಣನ ಮಗ ಕೇಳಿದರೆ ಅವನ ಹೋರಿಗೆ ಕೊಡುತ್ತೇನೆ. ಹೊಲಿಯುವವನು ಬೆಲೆಯನ್ನು ರೂಪಾಯಿಯಲ್ಲಿ ಹೇಳುತ್ತಾನೆ, ನಾನು ಚೌಕಾಸಿ ಮಾಡುತ್ತೇನೆ. ಮೊಮ್ಮಗ ತನ್ನ ಆಟದ ಅಂಗಡಿಯನ್ನು ತೋರಿಸಿದಾಗ ಅಲ್ಲಿ ಇದಾವುದೂ ಕಾಣಲಿಲ್ಲ. ಬೆಲೆ ರೂಪಾಯಿಯಲ್ಲಲ್ಲ, ಡೈಮಂಡ್ ಎಂಬ ಆಟದೊಳಗಿನ ನಾಣ್ಯದಲ್ಲಿ ಇತ್ತು, ಪಕ್ಕದಲ್ಲಿ ಗಡಿಯಾರ ಹಿಂದಕ್ಕೆ ಎಣಿಸುತ್ತಿತ್ತು. ಸಂತೆಯಲ್ಲಿ ಯಾವ ವ್ಯಾಪಾರಿಯೂ ನನ್ನ ಎದೆಯ ಮೇಲೆ ಹಾಗೆ ಗಡಿಯಾರ ಇಟ್ಟು ಮಾರಿಲ್ಲ. ಬೈಯುವುದಿದ್ದರೆ ಅದನ್ನು ಬೈಯಬೇಕು.
– ರೈತ, ಹಾವೇರಿ ತಾಲ್ಲೂಕು

ಅಕ್ಕಾ, ನಾನೂ ನಿಮ್ಮ ತಮ್ಮನ ವಯಸ್ಸಿನವನೇ. ಬೆಟಗೇರಿಯಲ್ಲಿ ಕೆಲಸ ಮುಗಿಸಿ ರಾತ್ರಿ ಗೆಳೆಯರೊಂದಿಗೆ ಆಡುತ್ತೇನೆ. ಈ ಜಗಳ ಹಳೆಯದು. 2006ರಲ್ಲಿ ಬೆಥೆಸ್ಡಾ ಕಂಪನಿ ‘ಆಬ್ಲಿವಿಯನ್’ ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರ್‌ಗೆ ಮಾರಲು ಹೊರಟಾಗ ಆಟಗಾರರೇ ಸಿಡಿದೆದ್ದರು. ಪೂರ್ತಿ ಬೆಲೆ ಕೊಟ್ಟು ಆಟ ಕೊಂಡವರಿಂದ ಅಲಂಕಾರಕ್ಕೆ ಮತ್ತೆ ದುಡ್ಡು ಕೇಳುತ್ತಾರಲ್ಲ ಎಂಬುದು ಅವರ ಸಿಟ್ಟು. ಅದು ನ್ಯಾಯವಾದ ಸಿಟ್ಟು. ಆದರೆ ನಾವು ಆಡುವ ಮೊಬೈಲ್ ಆಟ ಪುಕ್ಕಟೆ. ಉಡುಪು ಕೊಂಡವನ ದುಡ್ಡಿನಿಂದಲೇ ಕೊಳ್ಳದ ನಾನು ಆಡುತ್ತಿದ್ದೇನೆ. ಅವನ ಗುಂಡು ನನ್ನ ಗುಂಡಿಗಿಂತ ಜೋರಾಗಿ ತಗಲುವುದಿಲ್ಲ. ಶಕ್ತಿಯನ್ನೇ ಮಾರುವುದು ಬೇರೆ ಮಾತು. 2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟ ಆ ದಾರಿ ಹಿಡಿದಾಗ ಆಟಗಾರರ ವಿರೋಧ ಎಷ್ಟಿತ್ತೆಂದರೆ, ಬಿಡುಗಡೆಯ ಹೊತ್ತಿಗೆ ಆಟದೊಳಗಿನ ಖರೀದಿಯನ್ನೇ ಕಂಪನಿ ನಿಲ್ಲಿಸಬೇಕಾಯಿತು.

ನನ್ನ ತಕರಾರು ಕ್ರೇಟ್ ಮತ್ತು ಸ್ಪಿನ್ ಮೇಲೆ. ದುಡ್ಡು ಕೊಟ್ಟು, ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆ ತೆರೆಯುವುದು ಕ್ರೇಟ್; ಅದೃಷ್ಟದ ಚಕ್ರ ತಿರುಗಿಸುವುದು ಸ್ಪಿನ್. ಅಲ್ಲಿ ನೀವು ಉಡುಪು ಕೊಳ್ಳುವುದಿಲ್ಲ, ಅದು ಸಿಕ್ಕೀತೆಂಬ ಆಸೆಯನ್ನು ಕೊಳ್ಳುತ್ತೀರಿ. 2018ರಲ್ಲಿ ಬೆಲ್ಜಿಯಂನ ಜೂಜು ಆಯೋಗ ಕೆಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಕರೆಯಿತು. ಒಂದೇ ಕೆಂಪು ಕೋಟಿಗಾಗಿ ನಾನು ಒಂದು ರಾತ್ರಿ ಹನ್ನೊಂದು ಸಲ ಸ್ಪಿನ್ ಮಾಡಿದ್ದೇನೆ. ಸಿಗಲಿಲ್ಲ. ನೇರವಾಗಿ ಬೆಲೆ ಹೇಳಿದ್ದರೆ ‘ಇದು ನನಗೆ ಬೇಡ’ ಎಂದು ಮೊದಲೇ ಎದ್ದು ಬರುತ್ತಿದ್ದೆ. ಅಲ್ಲದೆ, ಕೊಂಡದ್ದೂ ನಮ್ಮದಾಗಿ ಉಳಿಯುವುದಿಲ್ಲ. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಆಟ ಭಾರತದಲ್ಲಿ ನಿಷೇಧವಾದಾಗ ವರ್ಷಗಟ್ಟಲೆ ಉಡುಪು ಕೂಡಿಸಿದ್ದ ನನ್ನ ಗೆಳೆಯ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ತಮ್ಮನನ್ನು ಒಂದೇ ಪ್ರಶ್ನೆ ಕೇಳಿ: ಅವನು ಬೆಲೆ ನೋಡಿ ಕೊಳ್ಳುತ್ತಾನೋ, ಸ್ಪಿನ್ ಮಾಡುತ್ತಾನೋ?
– ಓದುಗ, ಗದಗ-ಬೆಟಗೇರಿ

ಹನ್ನೊಂದು ವರ್ಷದ ಮಗನ ವಿಷಯ ಬೇರೆ. 1872ರ ಕರಾರು ಕಾಯ್ದೆಯಡಿ ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದ ಊರ್ಜಿತವಲ್ಲ. 1903ರಿಂದಲೂ ನ್ಯಾಯಾಲಯಗಳು ಹೀಗೆಯೇ ಹೇಳುತ್ತ ಬಂದಿವೆ. ಆದರೆ ಹೋದ ದುಡ್ಡನ್ನು ಹಿಂದೆ ತರಿಸುವುದಕ್ಕಿಂತ ಹೋಗದಂತೆ ತಡೆಯುವುದು ಸುಲಭ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಫೋನಿನಲ್ಲಿ ಇಂದೇ ಸೆಟ್ಟಿಂಗ್ ಬದಲಿಸಿ. ‘ಇನ್ನು ಹತ್ತೇ ನಿಮಿಷ’ ಎಂಬ ಸುಳ್ಳು ಅವಸರ ಹುಟ್ಟಿಸಿ ಮಾರುವುದನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತನ್ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಮೆರಿಕದಲ್ಲಿ ಫೋರ್ಟ್‌ನೈಟ್ ಆಟದ ಕಂಪನಿ, ಬೇಡದ ಖರೀದಿಗೆ ಸಿಲುಕಿದ ಗ್ರಾಹಕರಿಗೆ ಮರಳಿಸಲು 24.5 ಕೋಟಿ ಡಾಲರ್ ಕೊಡಲು 2022ರ ಡಿಸೆಂಬರ್‌ನಲ್ಲಿ ಒಪ್ಪಬೇಕಾಯಿತು. ದೂರು ಕೊಟ್ಟರೆ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ.
– ವಕೀಲರು, ಧಾರವಾಡ

ಯಾರಿಗೆ ನಷ್ಟ ಎಂಬ ನಿಮ್ಮ ತಮ್ಮನ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ನಾನು ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಎಲ್ಲರಿಗೂ ಒಂದೇ ಸಮವಸ್ತ್ರ. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ, ಆಟದಲ್ಲಿ ಕೊಂಡ ಉಡುಪು ಇಲ್ಲದವನು ‘ನೂಬ್’, ಅಂದರೆ ಆಟ ಬಾರದವನು. ಕಳೆದ ವರ್ಷ ಒಬ್ಬ ಹುಡುಗ ಆ ಮಾತಿಗೆ ಅಂಜಿ ಗೆಳೆಯರ ಜೊತೆ ಕೂರುವುದನ್ನೇ ಬಿಟ್ಟಿದ್ದ. ಅವನ ತಂದೆ ಹಮಾಲಿ ಕೆಲಸದವರು. ಉಡುಪಿನಿಂದ ಗುಂಡಿನ ಶಕ್ತಿ ಹೆಚ್ಚುವುದಿಲ್ಲ ನಿಜ, ಆದರೆ ಅದಿಲ್ಲದ ಮಗುವಿನ ಮುಖ ಬಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಕ್ಕಳ ಈ ಅಂಜಿಕೆಯಿಂದ ದುಡ್ಡು ಮಾಡುವವರನ್ನು ಟೀಕಿಸಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ತಮ್ಮನನ್ನು ಮಾತ್ರ ದೂರ ಮಾಡಿಕೊಳ್ಳಬೇಡಿ. ನಿಮ್ಮ ಮಗ ನಿಮಗಿಂತ ಮಾಮನ ಮಾತನ್ನು ಬೇಗ ಕೇಳುತ್ತಾನೆ. ಮಾಮನೇ ಒಂದು ದಿನ ಉಡುಪು ಕಳಚಿ, ಆಟ ಕೊಟ್ಟ ಮೊದಲಿನ ಬರಿಯ ವೇಷದಲ್ಲೇ ಅವನ ಪಕ್ಕ ಕುಳಿತು ಆಡಲಿ.
– ಶಿಕ್ಷಕಿ, ಧಾರವಾಡ