ಅಪ್‌ಡೇಟ್: ತಮ್ಮನ ಫಿಟ್ಸ್ ಮಾತ್ರೆ ನಿಲ್ಲಿಸುವ ವಿಷಯ

ತಮ್ಮನಿಗೆ ಒಂದೂವರೆ ವರ್ಷದಿಂದ ಫಿಟ್ಸ್ ಬಂದಿಲ್ಲ, ಲೆವೆಟಿರಾಸೆಟಮ್ ನಿಲ್ಲಿಸಬಹುದೇ ಎಂದು ಜೂನ್‌ನಲ್ಲಿ ಕೇಳಿದ್ದೆ. ವೈದ್ಯರನ್ನು ಕೇಳದೆ ಬೇಡ ಎಂದು ನೀವೆಲ್ಲ ಒತ್ತಿ ಹೇಳಿದ್ದಿರಿ.

ನಾವಾಗಿ ನಿಲ್ಲಿಸಲಿಲ್ಲ, ಮಳೆ ನಿಲ್ಲಿಸಿತು. ಭಾಗಮಂಡಲದ ರಸ್ತೆ ಮುಳುಗಿ ಮಡಿಕೇರಿಗೆ ಹೋಗಲಾಗಲಿಲ್ಲ; ಮಾತ್ರೆ ಮುಗಿದಿತ್ತು. ಮೂರನೆಯ ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ಕುಸಿದ. ಅಮ್ಮ ಕೈಗೆ ಕಬ್ಬಿಣ ಕೊಡಲು ಓಡಿ ಬಂದರು, ತಡೆದೆ. ಮಗ್ಗುಲಿಗೆ ಹೊರಳಿಸಿ, ತಲೆಯಡಿ ಶಾಲು ಇಟ್ಟು, ಗಡಿಯಾರ ನೋಡುತ್ತಾ ಕುಳಿತೆ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕೆಂದಿದ್ದೆ. ಎರಡು ನಿಮಿಷಕ್ಕೆ ನಿಂತಿತು, ಆದರೆ ಅಷ್ಟು ದೀರ್ಘವಾದ ಎರಡು ನಿಮಿಷವನ್ನು ನಾನು ಕಂಡಿಲ್ಲ.

ನರರೋಗ ತಜ್ಞರು ಗದರಲಿಲ್ಲ. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಫಿಟ್ಸ್ ಇಲ್ಲದಿದ್ದರೆ ಮಾತ್ರ ಯೋಚಿಸುತ್ತಾರಂತೆ, ಆಗಲೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಪಟ್ಟು ನುಂಗಬಾರದು. ನಿದ್ದೆಗೆಡುವುದೂ ಅಪಾಯ, ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿಯೂ ಬೇಗ ಮಲಗುತ್ತೇನೆಂದು ಅವನೇ ಒಪ್ಪಿದ್ದಾನೆ. ಮೆಣಸು ಕೊಯ್ಯಲು ಏಣಿ ಹತ್ತುವುದು ಸದ್ಯಕ್ಕೆ ಬಂದ್, ಅದೇ ಅವನಿಗೆ ದೊಡ್ಡ ನೋವು.

ಈಗ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದು ತೇವ ತಾಗದ ಡಬ್ಬಿಯಲ್ಲಿಟ್ಟಿದ್ದೇವೆ.